ಕಂಪ್ಯೂಟರ್ ಕೈಕೊಟ್ಟರೆ ವೈರಸ್ಸೇ ಬಂದಿರಬೇಕಾ? ಕಾಯುವ ಆಂಟಿವೈರಸ್ಸೇ ಎಡವಿದಾಗ ಏನಾಗುತ್ತದೆ

2024ರ ಜುಲೈ 19, ಶುಕ್ರವಾರ. ಬೆಳಿಗ್ಗೆ ಹತ್ತು ಗಂಟೆಯ ಆಸುಪಾಸಿನಲ್ಲಿ ಪ್ರಪಂಚದ ಹಲವು ಕಡೆ ಕಚೇರಿಯ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಲ್ಲತೊಡಗಿದವು. ರೀಸ್ಟಾರ್ಟ್ ಮಾಡಿದರೆ ಮತ್ತೆ ಅದೇ ನೀಲಿ ಪರದೆ. ವಿಮಾನಗಳು ಹಾರಲಿಲ್ಲ, ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದವು, ಟಿವಿ ವಾಹಿನಿಗಳು ಪ್ರಸಾರ ನಿಲ್ಲಿಸಿದವು. ನಮ್ಮಲ್ಲಿ ಬೆಂಗಳೂರು ಸೇರಿ ಹಲವು ವಿಮಾನ ನಿಲ್ದಾಣಗಳಲ್ಲಿ ಚೆಕ್-ಇನ್ ಸಾಲು ಬೆಳೆಯುತ್ತಲೇ ಹೋಯಿತು. ಕೈಯಲ್ಲಿ ಬರೆದುಕೊಟ್ಟ ಬೋರ್ಡಿಂಗ್ ಪಾಸ್‌ಗಳ ಫೋಟೋಗಳು ಎಲ್ಲರ ಮೊಬೈಲ್‌ಗೂ ಬಂದವು.

ಫೋಟೋಗಳ ಜೊತೆಗೇ ಕಾರಣಗಳೂ ಬಂದವು. ಇದು ಸೈಬರ್ ದಾಳಿ, ಶತ್ರು ದೇಶದ ಕೈವಾಡ, ಮೈಕ್ರೋಸಾಫ್ಟ್ ಹ್ಯಾಕ್ ಆಗಿದೆ ಎಂದೆಲ್ಲ ಸಂದೇಶಗಳು ಹರಿದಾಡಿದವು. ಅಮೆರಿಕದ ಲಾಸ್ ವೇಗಸ್‌ನಲ್ಲಿರುವ ದೊಡ್ಡ ಗೋಳಾಕಾರದ ಕಟ್ಟಡದ ಮೇಲೆ ನೀಲಿ ಪರದೆ ಮೂಡಿದ ಚಿತ್ರವೊಂದು ಲಕ್ಷಾಂತರ ಜನರಿಗೆ ತಲುಪಿತು. ಅದು ನಕಲಿ ಚಿತ್ರ. ಒಂದು ಅಮೆರಿಕನ್ ವಿಮಾನ ಸಂಸ್ಥೆ ಇನ್ನೂ ಮೂವತ್ತು ವರ್ಷ ಹಳೆಯ ವಿಂಡೋಸ್ 3.1 ಬಳಸುತ್ತಿದ್ದುದರಿಂದಲೇ ಬಚಾವಾಯಿತು ಎಂಬ ಕಥೆಯೂ ಓಡಾಡಿತು. ಕೇಳಲು ಮಜವಾಗಿತ್ತು, ಅಷ್ಟೇ. ಅದಕ್ಕೆ ಆಧಾರ ಇರಲಿಲ್ಲ.

ಅಂದು ಯಾರೂ ದಾಳಿ ಮಾಡಿರಲಿಲ್ಲ. ದಾಳಿಯನ್ನು ತಡೆಯಬೇಕಾದ ತಂತ್ರಾಂಶವೇ ಎಡವಿತ್ತು.

ಈ ಒಂದು ವಾಕ್ಯವನ್ನು ಸರಿಯಾಗಿ ಅರ್ಥ ಮಾಡಿಕೊಂಡರೆ ಮನೆಯ ಲ್ಯಾಪ್‌ಟಾಪ್‌ನಿಂದ ಹಿಡಿದು ಊರಿನ ಸೈಬರ್ ಸೆಂಟರ್‌ವರೆಗೆ ಅನೇಕ ತೊಂದರೆಗಳ ಜಾಡು ಸಿಗುತ್ತದೆ. ಪ್ರೋಗ್ರಾಂ ತೆರೆಯುತ್ತಿಲ್ಲ, ಫೈಲ್ ಸೇವ್ ಆಗುತ್ತಿಲ್ಲ, ಬ್ಯಾಂಕಿನ ವೆಬ್‌ಸೈಟ್ ಬರುತ್ತಿಲ್ಲ ಎಂದಾಗ ನಮಗೆ ಮೊದಲು ಹೊಳೆಯುವುದು ವೈರಸ್. ಎರಡನೆಯದು ಫಾರ್ಮ್ಯಾಟ್. ಇವೆರಡರ ನಡುವೆ ಮೂರನೆಯ ಸಾಧ್ಯತೆ ಇದೆ ಎಂಬುದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಹೊಳೆದವರಲ್ಲೂ ಅನೇಕರು ಇನ್ನೊಂದು ತುದಿಗೆ ಹೋಗಿ ಆಂಟಿವೈರಸ್ಸನ್ನೇ ಕಿತ್ತುಹಾಕಿ ಕೂರುತ್ತಾರೆ.

ಅಂದು ನಿಜವಾಗಿ ನಡೆದದ್ದು

ಕ್ರೌಡ್‌ಸ್ಟ್ರೈಕ್ ಎಂಬ ಅಮೆರಿಕದ ಕಂಪನಿ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಫಾಲ್ಕನ್ ಎಂಬ ಭದ್ರತಾ ತಂತ್ರಾಂಶ ಒದಗಿಸುತ್ತದೆ. ಹೊಸ ಹೊಸ ದಾಳಿಗಳ ಗುರುತು ತಿಳಿಸಲು ಅದು ತನ್ನ ಗ್ರಾಹಕರ ಕಂಪ್ಯೂಟರ್‌ಗಳಿಗೆ ಆಗಾಗ ಸಣ್ಣ ಫೈಲ್‌ಗಳನ್ನು ಕಳಿಸುತ್ತಿರುತ್ತದೆ. ಅಂದು ನಮ್ಮ ಸಮಯ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಹೋದ ಅಂಥ ಒಂದು ಫೈಲ್ ದೋಷಪೂರಿತವಾಗಿತ್ತು. 78 ನಿಮಿಷಗಳ ನಂತರ, 10 ಗಂಟೆ 57 ನಿಮಿಷಕ್ಕೆ, ಕಂಪನಿ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಅಷ್ಟರಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೆಟ್ಟಿದ್ದವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಪ್ರಪಂಚದ ಒಟ್ಟು ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಇದು ಶೇಕಡ 1ಕ್ಕಿಂತಲೂ ಕಡಿಮೆ. ಆದರೆ ಆ ಕಂಪ್ಯೂಟರ್‌ಗಳು ವಿಮಾನ ನಿಲ್ದಾಣ, ಆಸ್ಪತ್ರೆ, ಬ್ಯಾಂಕುಗಳಲ್ಲಿದ್ದವು. ಅದಕ್ಕೇ ಅಷ್ಟು ಗದ್ದಲ. ಮ್ಯಾಕ್ ಮತ್ತು ಲಿನಕ್ಸ್ ಕಂಪ್ಯೂಟರ್‌ಗಳಿಗೆ ಏನೂ ಆಗಲಿಲ್ಲ. ನಮ್ಮ ರಿಸರ್ವ್ ಬ್ಯಾಂಕ್, 10 ಬ್ಯಾಂಕ್ ಮತ್ತು ಹಣಕಾಸು ಸಂಸ್ಥೆಗಳಲ್ಲಿ ಮಾತ್ರ ಸಣ್ಣಪುಟ್ಟ ಅಡಚಣೆಯಾಗಿದೆ ಎಂದು ತಿಳಿಸಿತು.

ತಪ್ಪು ಎಷ್ಟು ಸಣ್ಣದು ಎಂದು ನೋಡಿದರೆ ಆಶ್ಚರ್ಯವಾಗುತ್ತದೆ. ತಾಲ್ಲೂಕು ಕಚೇರಿಯ ಅರ್ಜಿ ನಮೂನೆಯನ್ನು ನೆನೆಸಿಕೊಳ್ಳಿ. ನಮೂನೆಯಲ್ಲಿ 21 ಕಾಲಂ ಇರಬೇಕು ಎಂದು ನಿಯಮ ಹೇಳುತ್ತದೆ. ಆದರೆ ಗುಮಾಸ್ತರ ಕೈಗೆ ಬರುವ ಹಾಳೆಯಲ್ಲಿ 20 ಕಾಲಂ ಮಾತ್ರ ಇವೆ. 21ನೆಯದರಲ್ಲಿ ಏನಿದ್ದರೂ ನಡೆಯುತ್ತದೆ ಎಂದು ಇದುವರೆಗೆ ಸೂಚನೆ ಇದ್ದುದರಿಂದ ಅವರು ಅದನ್ನು ನೋಡುವ ಗೋಜಿಗೇ ಹೋಗಿರಲಿಲ್ಲ. ಜುಲೈ 19ರಂದು ಮೊದಲ ಬಾರಿಗೆ 21ನೆಯ ಕಾಲಮ್ಮನ್ನೂ ಓದಿ ಎಂಬ ಸೂಚನೆ ಬಂತು. ಇಲ್ಲದ ಕಾಲಂ ಓದಲು ಹೋದ ತಂತ್ರಾಂಶ, ತನ್ನದಲ್ಲದ ಮೆಮೊರಿಗೆ ಕೈಹಾಕಿತು. ವಿಂಡೋಸ್ ಅಲ್ಲಿಗೇ ನಿಂತಿತು. ಪರೀಕ್ಷೆಗಳಲ್ಲಿ ಈ ತಪ್ಪು ಸಿಕ್ಕಿರಲಿಲ್ಲ, ಏಕೆಂದರೆ ಪರೀಕ್ಷೆಯಲ್ಲೂ 21ನೆಯ ಕಾಲಮ್ಮನ್ನು ಯಾರೂ ಓದಿಸಿರಲಿಲ್ಲ.

ಒಂದು ಆ್ಯಪ್ ತಪ್ಪು ಮಾಡಿದರೆ ಇಡೀ ಕಂಪ್ಯೂಟರ್ ಏಕೆ ನಿಲ್ಲಬೇಕು ಎಂದು ನೀವು ಕೇಳಬಹುದು. ನೀವು ಬಳಸುವ ಬ್ರೌಸರ್ ಅಥವಾ ವರ್ಡ್ ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ, ಉಳಿದದ್ದು ನಡೆಯುತ್ತದೆ. ಭದ್ರತಾ ತಂತ್ರಾಂಶದ ಜಾಗ ಬೇರೆ. ಅದರ ಮುಖ್ಯ ಭಾಗ ಕರ್ನಲ್ ಎಂಬ, ಕಂಪ್ಯೂಟರ್‌ನ ಗರ್ಭಗುಡಿಯಂಥ ಜಾಗದಲ್ಲಿ ಕೂತಿರುತ್ತದೆ. ಕಳ್ಳ ಅಲ್ಲಿಗೂ ನುಗ್ಗಬಲ್ಲನಾದ್ದರಿಂದ ಕಾವಲುಗಾರನಿಗೂ ಅಲ್ಲಿ ಪ್ರವೇಶ ಬೇಕು. ಕಂಪ್ಯೂಟರ್ ಆನ್ ಆಗುವಾಗ ಎಲ್ಲಕ್ಕಿಂತ ಮುಂಚೆ ಏಳುವವರಲ್ಲಿ ಅವನೂ ಒಬ್ಬ. ಕರ್ನಲ್‌ನಲ್ಲಿ ತಪ್ಪಾದರೆ ಮುಂದೆ ನಿಮ್ಮ ಫೈಲ್‌ಗಳು ಹಾಳಾಗಬಾರದು ಎಂದು ವಿಂಡೋಸ್ ಬೇಕೆಂದೇ ನಿಂತುಬಿಡುತ್ತದೆ. ನೀಲಿ ಪರದೆ ಎಂದರೆ ಇದೇ. ರೀಸ್ಟಾರ್ಟ್ ಮಾಡಿದಾಗ ಅದೇ ಕಾವಲುಗಾರ ಮೊದಲು ಎದ್ದು, ಅದೇ ಫೈಲ್ ಓದಿ, ಮತ್ತೆ ಎಡವುತ್ತಿದ್ದ. ಸರಿಪಡಿಸಿದ ಫೈಲ್ ಇಂಟರ್ನೆಟ್‌ನಲ್ಲಿ ಸಿದ್ಧವಾಗಿದ್ದರೂ ಅದನ್ನು ಇಳಿಸಿಕೊಳ್ಳುವಷ್ಟು ಹೊತ್ತು ಕಂಪ್ಯೂಟರ್ ಎಚ್ಚರವಾಗಿಯೇ ಇರುತ್ತಿರಲಿಲ್ಲ.

ಹಾಗಾಗಿ ಪರಿಹಾರ ಕೈಯಿಂದಲೇ ಆಗಬೇಕಾಯಿತು. ಸೇಫ್ ಮೋಡ್ ಎಂಬ, ಕನಿಷ್ಠ ಸಾಮಗ್ರಿಯಷ್ಟೇ ಏಳುವ ಸ್ಥಿತಿಯಲ್ಲಿ ಕಂಪ್ಯೂಟರ್ ತೆರೆದು ಆ ಒಂದು ಫೈಲನ್ನು ಅಳಿಸಿದರೆ ಸಾಕಿತ್ತು. ಗೊತ್ತಿದ್ದವರಿಗೆ ಐದು-ಹತ್ತು ನಿಮಿಷದ ಕೆಲಸ. ಆದರೆ ಪ್ರತಿ ಕಂಪ್ಯೂಟರ್ ಮುಂದೆಯೂ ಒಬ್ಬರು ಹೋಗಿ ಕೂರಬೇಕಿತ್ತು. ಜೊತೆಗೆ ಇನ್ನೊಂದು ಬೀಗ ಇತ್ತು, ಬಿಟ್‌ಲಾಕರ್. ಲ್ಯಾಪ್‌ಟಾಪ್ ಕಳುವಾದರೂ ಮಾಹಿತಿ ಸಿಗದಿರಲಿ ಎಂದು ಡಿಸ್ಕ್‌ಗೆ ಹಾಕುವ ಬೀಗ ಅದು. ಸೇಫ್ ಮೋಡ್‌ಗೆ ಹೋಗಲು ಹೊರಟಾಗ ಅದು 48 ಅಂಕಿಗಳ ಕೀಲಿ ಕೇಳುತ್ತಿತ್ತು. ಕೆಲವು ಸಂಸ್ಥೆಗಳಲ್ಲಿ ಆ ಕೀಲಿಗಳ ಪಟ್ಟಿ ಇದ್ದ ಸರ್ವರ್ ಕೂಡ ಅದೇ ನೀಲಿ ಪರದೆಯ ಹಿಂದೆ ಸಿಕ್ಕಿಕೊಂಡಿತ್ತು. ಈ ಕೀಲಿಯ ವಿಚಾರ ನಮಗೂ ಬೇಕಾದದ್ದು, ಕೊನೆಯಲ್ಲಿ ಅದಕ್ಕೆ ಬರೋಣ.

ಇದು ಮೊದಲೇನಲ್ಲ

2010ರ ಏಪ್ರಿಲ್ 21ರಂದು ಮ್ಯಾಕಾಫಿ ಆಂಟಿವೈರಸ್‌ನ ಒಂದು ಅಪ್‌ಡೇಟ್, ವಿಂಡೋಸ್ ಎಕ್ಸ್‌ಪಿಯ ಎಸ್‌ವಿಸಿಹೋಸ್ಟ್ ಎಂಬ ಅತ್ಯಗತ್ಯ ಫೈಲನ್ನೇ ವೈರಸ್ ಎಂದು ಭಾವಿಸಿ ತೆಗೆದುಹಾಕಿತು. ಅಂಥ ಕಂಪ್ಯೂಟರ್‌ಗಳು ಮತ್ತೆ ಮತ್ತೆ ರೀಸ್ಟಾರ್ಟ್ ಆದವು, ನೆಟ್‌ವರ್ಕ್ ಕಳೆದುಕೊಂಡವು. ಆಗ ಮ್ಯಾಕಾಫಿಯ ತಾಂತ್ರಿಕ ಮುಖ್ಯಸ್ಥರಾಗಿದ್ದವರು ಜಾರ್ಜ್ ಕರ್ಟ್ಜ್. ಮರುವರ್ಷ ಅವರು ಬೇರೆಯವರ ಜೊತೆ ಸೇರಿ ಕಟ್ಟಿದ ಕಂಪನಿಯೇ ಕ್ರೌಡ್‌ಸ್ಟ್ರೈಕ್. 2024ರಲ್ಲಿ ಕ್ಷಮೆ ಕೇಳಿದವರೂ ಅವರೇ. ಇದರಲ್ಲಿ ಪಿತೂರಿ ಹುಡುಕುವ ಸಂದೇಶಗಳೂ ಇವೆ. ನಮಗೆ ಕಾಣುವುದು ಪಿತೂರಿಯಲ್ಲ. ಅಪ್‌ಡೇಟನ್ನು ಎಲ್ಲರಿಗೂ ಒಂದೇ ಏಟಿಗೆ ಕಳಿಸುವ ಬದಲು ಮೊದಲು ಕೆಲವರಿಗೆ ಕಳಿಸಿ ನೋಡಬೇಕೆಂಬ ಎಚ್ಚರ ಈ ಉದ್ಯಮದಲ್ಲಿ ಹದಿನಾಲ್ಕು ವರ್ಷವಾದರೂ ಪೂರ್ತಿ ಬೇರೂರಿರಲಿಲ್ಲ ಎಂಬುದು.

2007ರಲ್ಲಿ ಸಿಮ್ಯಾಂಟೆಕ್‌ನ ನಾರ್ಟನ್ ಚೀನಾದಲ್ಲಿ, ಸರಳ ಚೀನೀ ಭಾಷೆಯ ವಿಂಡೋಸ್‌ನ ಎರಡು ಫೈಲ್‌ಗಳನ್ನು ಹೀಗೇ ಕಿತ್ತುಹಾಕಿತ್ತು. ಒಂದು ಭಾಷೆಯ ಆವೃತ್ತಿಯಲ್ಲಿ ಮಾತ್ರ ಆದ ತೊಂದರೆ ಅದು. 2012ರ ಸೆಪ್ಟೆಂಬರ್‌ನಲ್ಲಿ ಸೋಫೋಸ್ ತನ್ನದೇ ಅಪ್‌ಡೇಟ್ ಪ್ರೋಗ್ರಾಮನ್ನು ವೈರಸ್ ಎಂದು ಹಿಡಿಯಿತು. ಕಾವಲು ನಾಯಿ ತನ್ನ ಬಾಲವನ್ನೇ ಕಚ್ಚಿದ ಹಾಗೆ.

2023ರ ಜನವರಿ 13ರ ಪ್ರಕರಣ ಇನ್ನೂ ಪಾಠದಂತಿದೆ. ಮೈಕ್ರೋಸಾಫ್ಟ್‌ನ ಸ್ವಂತ ಡಿಫೆಂಡರ್‌ಗೆ ಬಂದ ಅಪ್‌ಡೇಟೊಂದು, ಒಂದು ವಿಶೇಷ ಭದ್ರತಾ ನಿಯಮ ಆನ್ ಮಾಡಿಕೊಂಡಿದ್ದ ಕಚೇರಿಗಳ ಕಂಪ್ಯೂಟರ್‌ಗಳಲ್ಲಿ ಸ್ಟಾರ್ಟ್ ಮೆನು ಮತ್ತು ಟಾಸ್ಕ್‌ಬಾರ್‌ನ ಶಾರ್ಟ್‌ಕಟ್‌ಗಳನ್ನು ಅಳಿಸಿತು. ವರ್ಡ್, ಎಕ್ಸೆಲ್ ಎಲ್ಲ ಮಾಯ ಎಂದು ಜನ ಗಾಬರಿಯಾದರು. ಪ್ರೋಗ್ರಾಂಗಳು ಎಲ್ಲಿಗೂ ಹೋಗಿರಲಿಲ್ಲ. ಬಾಗಿಲ ಮೇಲಿನ ನಾಮಫಲಕ ಬಿದ್ದಿತ್ತು, ಮನೆ ಹಾಗೇ ಇತ್ತು. ಆ ದಿನ ಹೆದರಿ ಫಾರ್ಮ್ಯಾಟ್ ಮಾಡಿಸಿದವರಿದ್ದರೆ ಅವರು ಕಳೆದುಕೊಂಡದ್ದು ಡಿಫೆಂಡರ್‌ನಿಂದಲ್ಲ, ಫಾರ್ಮ್ಯಾಟ್‌ನಿಂದ.

ಮೊಬೈಲ್‌ನಲ್ಲೂ ಹೀಗಾಗಿದೆ. 2023ರ ಅಕ್ಟೋಬರ್ ಕೊನೆಯಲ್ಲಿ ಹುವಾವೇ, ಆನರ್, ವಿವೋ ಫೋನ್‌ಗಳ ಕೆಲವು ಬಳಕೆದಾರರಿಗೆ ಗೂಗಲ್ ಆ್ಯಪ್‌ನಲ್ಲೇ ವೈರಸ್ ಇದೆ, ತೆಗೆದುಹಾಕಿ ಎಂಬ ಎಚ್ಚರಿಕೆ ಬಂತು. ಆ ಫೋನ್‌ಗಳಲ್ಲಿದ್ದ ಅವಾಸ್ಟ್ ಕಂಪನಿಯ ಪತ್ತೆ ವ್ಯವಸ್ಥೆಯ ತಪ್ಪು ಅದು. ಎರಡೇ ದಿನದಲ್ಲಿ ಸರಿಹೋಯಿತು. ಗೂಗಲ್ ನಿಮ್ಮ ಎಸ್‌ಎಂಎಸ್ ಕದಿಯುತ್ತಿದೆ ಎಂಬ ಸ್ಕ್ರೀನ್‌ಶಾಟ್ ಇವತ್ತೂ ನಿಮಗೆ ಬರಬಹುದು. ಸ್ಕ್ರೀನ್‌ಶಾಟ್ ಅಸಲಿಯೇ, ಅದು ಹೇಳುವ ವಿಷಯ ಮಾತ್ರ ಸುಳ್ಳು.

ಅಸಲಿ ಫೈಲನ್ನು ನಕಲಿ ಎಂದು ಹಿಡಿಯುವುದೇಕೆ?

ಹಿಂದೆ ಆಂಟಿವೈರಸ್ ಕೆಲಸ ಪೊಲೀಸ್ ಠಾಣೆಯ ಫೋಟೋ ಪಟ್ಟಿಯಂತಿತ್ತು. ಹಳೆಯ ಕಳ್ಳರ ಚಹರೆ ಪಟ್ಟಿಯಲ್ಲಿರುತ್ತಿತ್ತು, ಹೋಲಿಕೆಯಾದರೆ ಹಿಡಿಯುತ್ತಿತ್ತು. ಈಗ ದಿನವೂ ಹೊಸ ಹೊಸ ಕಳ್ಳರು. ಹಾಗಾಗಿ ಚಹರೆಯ ಜೊತೆಗೆ ನಡವಳಿಕೆಯನ್ನೂ ನೋಡಬೇಕು. ಇವನು ಏಕೆ ಎಲ್ಲ ಫೈಲ್‌ಗಳನ್ನೂ ಮುಟ್ಟುತ್ತಿದ್ದಾನೆ, ಏಕೆ ಪ್ರತಿ ಕೀಲಿ ಒತ್ತುವುದನ್ನೂ ಗಮನಿಸುತ್ತಿದ್ದಾನೆ ಎಂದು ಅನುಮಾನಿಸಬೇಕು. ಅನುಮಾನ ಅಂದ ಮೇಲೆ ತಪ್ಪೂ ಆಗುತ್ತದೆ.

ನಮ್ಮದೇ ಒಂದು ಉದಾಹರಣೆ ತೆಗೆದುಕೊಳ್ಳೋಣ. ಇಂಗ್ಲಿಷ್ ಕೀಲಿಮಣೆಯಲ್ಲಿ ಒತ್ತಿದ್ದನ್ನು ಕನ್ನಡಕ್ಕೆ ತಿರುಗಿಸುವ ಪ್ರೋಗ್ರಾಂ, ನೀವು ಒತ್ತುವ ಪ್ರತಿ ಕೀಲಿಯನ್ನೂ ನಡುವೆ ನಿಂತು ಹಿಡಿದು ಬದಲಿಸಬೇಕಾಗುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಎಂಬ ಕಳ್ಳ ಪ್ರೋಗ್ರಾಂ ಮಾಡುವುದೂ ನಡುವೆ ನಿಂತು ಕೀಲಿಗಳನ್ನು ಹಿಡಿಯುವುದನ್ನೇ. ಒಬ್ಬರು ಬದಲಿಸಿ ಪರದೆಗೆ ಕೊಡುತ್ತಾರೆ, ಇನ್ನೊಬ್ಬರು ಬರೆದುಕೊಂಡು ಕಳ್ಳನಿಗೆ ಕೊಡುತ್ತಾರೆ. ಹೊರಗಿನಿಂದ ನೋಡುವ ಕಾವಲುಗಾರನಿಗೆ ಇಬ್ಬರೂ ಒಂದೇ ತರಹ ಕಾಣಬಹುದು. ಜೊತೆಗೆ ಸಣ್ಣ ಭಾಷೆಗಳ ತಂತ್ರಾಂಶ ಇಳಿಸಿಕೊಳ್ಳುವವರು ಕಡಿಮೆ, ತಯಾರಿಸುವವರು ದುಡ್ಡು ಕೊಟ್ಟು ಡಿಜಿಟಲ್ ಸಹಿ ಹಾಕಿಸಿರುವುದೂ ಅಪರೂಪ. ಪ್ರಪಂಚದಲ್ಲಿ ಹೆಚ್ಚು ಜನ ಬಳಸಿರದ, ಸಹಿ ಇಲ್ಲದ ಫೈಲ್ ಕಂಡರೆ ವಿಂಡೋಸ್ ತಾನಾಗಿಯೇ ತಡೆದು ಎಚ್ಚರಿಸುತ್ತದೆ. ಕೆಟ್ಟದ್ದು ಎಂದು ಅದರ ಅರ್ಥವಲ್ಲ, ಪರಿಚಯವಿಲ್ಲ ಎಂದಷ್ಟೇ.

ಮನೆಯಲ್ಲಿ ಇದು ಕಾಣುವ ರೀತಿ

ಕ್ರೌಡ್‌ಸ್ಟ್ರೈಕ್ ಕಚೇರಿಗಳ ಸರಕು, ನಿಮ್ಮ ಮನೆಯ ಲ್ಯಾಪ್‌ಟಾಪ್‌ನಲ್ಲಿ ಇರಲಾರದು. ಅಲ್ಲಿ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಇರುತ್ತದೆ, ಇಲ್ಲವೇ ಅಂಗಡಿಯವರು ಹಾಕಿಕೊಟ್ಟ ಬೇರೊಂದು ಆಂಟಿವೈರಸ್. ಮನೆಯಲ್ಲಿ ತೊಂದರೆ ನೀಲಿ ಪರದೆಯಷ್ಟು ಜೋರಾಗಿ ಬರುವುದು ಕಡಿಮೆ. ಬೇರೆ ವೇಷದಲ್ಲಿ ಬರುತ್ತದೆ. ಅದೇ ಕಷ್ಟ.

ಉದಾಹರಣೆಗೆ, ಡಿಫೆಂಡರ್‌ನಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಎಂಬ ಸೌಲಭ್ಯವಿದೆ. ಫೈಲ್‌ಗಳನ್ನು ಬೀಗ ಹಾಕಿ ಹಣ ಕೇಳುವ ರಾನ್ಸಮ್‌ವೇರ್‌ನಿಂದ ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರ್‌ಗಳನ್ನು ಅದು ಕಾಯುತ್ತದೆ. ಸಾಮಾನ್ಯವಾಗಿ ಆಫ್ ಇರುತ್ತದೆ, ಯಾರೋ ಆನ್ ಮಾಡಿಟ್ಟಿದ್ದರೆ ಪರಿಚಯವಿಲ್ಲದ ಪ್ರೋಗ್ರಾಂ ಅಲ್ಲಿ ಫೈಲ್ ಸೇವ್ ಮಾಡಲು ಹೋದಾಗ ತಡೆಯುತ್ತದೆ. ಆಗ ಆ ಪ್ರೋಗ್ರಾಂ ತೋರಿಸುವ ತಪ್ಪು ಸಂದೇಶ, ಫೈಲ್ ಸಿಗುತ್ತಿಲ್ಲ, ಹೆಸರು ಸರಿನೋಡಿ ಎಂದಿರುತ್ತದೆ! ಭದ್ರತೆಯ ಸುದ್ದಿಯೇ ಇಲ್ಲ. ಪಾಪ, ಆ ಪ್ರೋಗ್ರಾಮಿಗೂ ತನ್ನನ್ನು ಯಾರು ತಡೆದರು ಎಂದು ಗೊತ್ತಿರುವುದಿಲ್ಲ.

ವೆಬ್‌ಸೈಟ್‌ಗಳದ್ದು ಇನ್ನೊಂದು ಬಗೆ. ಕೆಲವು ಆಂಟಿವೈರಸ್‌ಗಳು ಬೀಗದ ಗುರುತಿರುವ ಸುರಕ್ಷಿತ ಸಂಪರ್ಕವನ್ನೂ ನಡುವೆ ಬಿಚ್ಚಿ ಪರೀಕ್ಷಿಸಿ, ತಮ್ಮ ಮುದ್ರೆ ಒತ್ತಿ ಬ್ರೌಸರ್‌ಗೆ ಕೊಡುತ್ತವೆ. ಬ್ರೌಸರ್‌ಗೆ ಆ ಮುದ್ರೆಯ ಮೇಲೆ ನಂಬಿಕೆ ಹುಟ್ಟದಿದ್ದರೆ ನಿಮ್ಮ ಸಂಪರ್ಕ ಸುರಕ್ಷಿತವಲ್ಲ ಎಂದು ಪುಟವನ್ನೇ ತೆರೆಯುವುದಿಲ್ಲ. ಇದೇ ಸಂದೇಶ ಕಂಪ್ಯೂಟರ್‌ನ ದಿನಾಂಕ ತಪ್ಪಾಗಿದ್ದರೂ ಬರುತ್ತದೆ. ಹಳೆಯ ಕಂಪ್ಯೂಟರ್‌ನ ಒಳಗಿನ ಪುಟ್ಟ ಬ್ಯಾಟರಿ ಸತ್ತರೆ ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿ ಹೀಗಾಗುತ್ತದೆ. ಆದ್ದರಿಂದ ಆಂಟಿವೈರಸ್ ಮೇಲೆ ಅನುಮಾನ ಪಡುವ ಮುಂಚೆ ಮೂಲೆಯಲ್ಲಿರುವ ಗಡಿಯಾರ ನೋಡಿ.

ಇನ್ನು ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಜಿಎಸ್‌ಟಿ ರಿಟರ್ನ್ಸ್ ಸಲ್ಲಿಸುವವರ ಕಥೆ. ಇದಕ್ಕೆ ಬಳಸುವ ಎಮ್‌ಸೈನರ್ ಎಂಬ ಪ್ರೋಗ್ರಾಂ ನಿಮ್ಮ ಕಂಪ್ಯೂಟರ್ ಒಳಗೇ ಕೂತು ಬ್ರೌಸರ್ ಜೊತೆ ಮಾತಾಡುತ್ತದೆ. ಫೈರ್‌ವಾಲ್ ಅಥವಾ ಆಂಟಿವೈರಸ್ ಆ ಮಾತುಕತೆಯನ್ನು ತಡೆದರೆ, ಟೋಕನ್ ಸರಿಯಿದ್ದರೂ ಸಹಿ ಬೀಳುವುದಿಲ್ಲ. 20ನೇ ತಾರೀಖು ಸಂಜೆ ಹೀಗಾದರೆ ಸರ್ವರ್ ಡೌನ್, ಟೋಕನ್ ಹಾಳು, ವೈರಸ್ ಬಂದಿದೆ ಎಂದು ಎಲ್ಲರನ್ನೂ ಬೈಯುತ್ತ ಗಡುವು ಕಳೆದುಹೋಗುತ್ತದೆ. ತಡವಾದ ದಿನಗಳಿಗೆ ಶುಲ್ಕ ತೆರುವವರು ವ್ಯಾಪಾರಿಯೇ.

ಕಂಪ್ಯೂಟರ್ ನಿಧಾನವಾಗುವುದಕ್ಕೆ ಬೇರೆ ಬೇರೆ ಕಾರಣಗಳಿವೆ. ಆದರೆ ಎರಡು ಆಂಟಿವೈರಸ್ ಹಾಕಿಕೊಂಡಿದ್ದರೆ ಹೆಚ್ಚು ದೂರ ಹುಡುಕಬೇಡಿ. ಎರಡಿದ್ದರೆ ಎರಡು ಪಟ್ಟು ಭದ್ರ ಎಂಬುದು ಬಹಳ ಹಳೆಯ ತಪ್ಪು ನಂಬಿಕೆ. ಪ್ರತಿ ಫೈಲನ್ನೂ ಇಬ್ಬರು ಎಳೆದಾಡುತ್ತಾರೆ, ಒಬ್ಬ ಹಿಡಿದಿಟ್ಟ ಕಳ್ಳನನ್ನು ಕಂಡು ಇನ್ನೊಬ್ಬ ಕೂಗುತ್ತಾನೆ. ಬೇರೆ ಆಂಟಿವೈರಸ್ ಹಾಕಿದಾಗ ಡಿಫೆಂಡರ್ ತಾನೇ ಹಿಂದೆ ಸರಿಯುವಂತೆ ಮೈಕ್ರೋಸಾಫ್ಟ್ ಮಾಡಿರುವುದು ಇದಕ್ಕೇ. ಹೊರಗಿನ ಎರಡು ಕಂಪನಿಗಳದ್ದು ಒಟ್ಟಿಗೆ ಹಾಕಿದರೆ ಆ ಸೌಜನ್ಯ ಇರುವುದಿಲ್ಲ.

ಹೇಗೆ ಪತ್ತೆ ಹಚ್ಚುವುದು

ಮೊದಲ ಪ್ರಶ್ನೆ: ನಿನ್ನೆವರೆಗೆ ಸರಿಯಿದ್ದದ್ದು ಯಾವಾಗ ಕೆಟ್ಟಿತು, ಆ ಹೊತ್ತಿನಲ್ಲಿ ಏನು ಬದಲಾಯಿತು? ನೆನಪಿನ ಮೇಲೆ ಭಾರ ಹಾಕಬೇಕಿಲ್ಲ. ವಿಂಡೋಸ್ ದಿನಚರಿ ಬರೆದಿಟ್ಟಿರುತ್ತದೆ. ಸ್ಟಾರ್ಟ್ ಹುಡುಕು ಪೆಟ್ಟಿಗೆಯಲ್ಲಿ ಇಂಗ್ಲಿಷ್‌ನಲ್ಲಿ ರಿಲಯಬಿಲಿಟಿ ಎಂದು ಟೈಪ್ ಮಾಡಿದರೆ ರಿಲಯಬಿಲಿಟಿ ಹಿಸ್ಟರಿ ಸಿಗುತ್ತದೆ. ಯಾವ ದಿನ ಯಾವ ಅಪ್‌ಡೇಟ್ ಬಂತು, ಯಾವ ಪ್ರೋಗ್ರಾಂ ಬಿತ್ತು ಎಂಬುದು ಕ್ಯಾಲೆಂಡರ್‌ನಂತೆ ಅಲ್ಲಿ ಕಾಣುತ್ತದೆ. ಇಷ್ಟು ಉಪಯುಕ್ತವಾದದ್ದನ್ನು ಮೈಕ್ರೋಸಾಫ್ಟ್ ಯಾಕೆ ಅಷ್ಟು ಒಳಗೆ ಬಚ್ಚಿಟ್ಟಿದೆಯೋ.

ಎರಡನೆಯದಾಗಿ ಕಾವಲುಗಾರನ ಡೈರಿ ನೋಡಿ. ವಿಂಡೋಸ್ ಸೆಕ್ಯುರಿಟಿ ತೆರೆದು, ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗೆ ಪ್ರೊಟೆಕ್ಷನ್ ಹಿಸ್ಟರಿ ಒತ್ತಿ. ಬೇರೆ ಆಂಟಿವೈರಸ್ ಇದ್ದರೆ ಅದರಲ್ಲಿ ಕ್ವಾರಂಟೈನ್ ಅಥವಾ ಹಿಸ್ಟರಿ ಎಂಬ ಪುಟ ಇರುತ್ತದೆ. ಕ್ವಾರಂಟೈನ್ ಎಂದರೆ ಅಳಿಸಿಹಾಕಿದ್ದಲ್ಲ, ಬಂಧನದಲ್ಲಿಟ್ಟದ್ದು. ನಿಮ್ಮ ಪ್ರೋಗ್ರಾಂನ ಒಂದು ತುಣುಕು ಅಲ್ಲಿ ಕೂತಿದ್ದರೆ, ತೊಂದರೆ ಶುರುವಾದ ಸಮಯಕ್ಕೇ ಅದು ಒಳಗೆ ಹೋಗಿದ್ದರೆ, ಕಾರಣ ಸಿಕ್ಕಿತು.

ಅಲ್ಲಿ ಬರೆದಿರುವ ಹೆಸರನ್ನೂ ಓದಿ. ಡಿಫೆಂಡರ್ ಕೊಟ್ಟ ಹೆಸರಿನ ಕೊನೆಯಲ್ಲಿ ಆಶ್ಚರ್ಯಸೂಚಕ ಚಿಹ್ನೆಯ ಜೊತೆ ಎಂಎಲ್ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿದ್ದರೆ, ಅದು ಯಂತ್ರದ ಊಹೆಯಿಂದ ಹಿಡಿದದ್ದು. ಬೇರೆ ಕಂಪನಿಗಳ ಹೆಸರುಗಳಲ್ಲಿ ಜೆನೆರಿಕ್, ಹ್ಯೂರಿಸ್ಟಿಕ್ ಎಂಬ ಪದಗಳ ಮೊದಲ ಅಕ್ಷರಗಳು ಕಾಣುತ್ತವೆ. ಇವು ಅನುಮಾನದ ಬಂಧನಗಳು. ಹಾಗಿದ್ದರೆ ನಿರಪರಾಧಿ ಎಂದು ತೀರ್ಮಾನಿಸಬೇಡಿ, ಇನ್ನೊಬ್ಬರ ಅಭಿಪ್ರಾಯ ಕೇಳಿ. ವೈರಸ್ ಟೋಟಲ್ ಎಂಬ ಗೂಗಲ್ ಒಡೆತನದ ಉಚಿತ ತಾಣಕ್ಕೆ ಫೈಲ್ ಏರಿಸಿದರೆ 60-70 ಕಂಪನಿಗಳ ಪತ್ತೆ ವ್ಯವಸ್ಥೆಗಳು ಅದನ್ನು ಪರೀಕ್ಷಿಸುತ್ತವೆ. ಒಂದಿಬ್ಬರು ಮಾತ್ರ ಕೆಂಪು ತೋರಿಸಿ ಉಳಿದವರು ಸುಮ್ಮನಿದ್ದರೆ, ಫೈಲ್ ತಯಾರಕರ ಸ್ವಂತ ತಾಣದಿಂದಲೇ ಬಂದಿದ್ದರೆ, ಹುಸಿ ಎಚ್ಚರಿಕೆ ಇರುವ ಸಾಧ್ಯತೆ ಹೆಚ್ಚು. ಮೂವತ್ತು ಜನ ಕೆಂಪು ತೋರಿಸಿದರೆ ಚರ್ಚೆ ಬೇಡ. ಒಂದು ಎಚ್ಚರಿಕೆ: ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್‌ನಂಥ ಖಾಸಗಿ ಕಾಗದಗಳನ್ನು ಅಲ್ಲಿಗೆ ಏರಿಸಬೇಡಿ, ಏರಿಸಿದ ಫೈಲ್‌ಗಳನ್ನು ಭದ್ರತಾ ಕಂಪನಿಗಳೂ ಸಂಶೋಧಕರೂ ನೋಡಬಹುದು.

ಇಷ್ಟಾದರೂ ಸ್ಪಷ್ಟವಾಗದಿದ್ದರೆ ಆಂಟಿವೈರಸ್ಸನ್ನು ಕೆಲವು ನಿಮಿಷ ನಿಲ್ಲಿಸಿ ನೋಡಬಹುದು. ಅದಕ್ಕೆ ಮುಂಚೆ ವೈಫೈ ಆಫ್ ಮಾಡಿ, ಪೆನ್‌ಡ್ರೈವ್ ತೆಗೆಯಿರಿ. ಕೆಟ್ಟಿರುವ ಪ್ರೋಗ್ರಾಂ ಆಗ ಸರಿಯಾಗಿ ತೆರೆದರೆ ಅನುಮಾನ ನಿಜ. ಕೂಡಲೇ ಕಾವಲು ಮತ್ತೆ ಆನ್ ಮಾಡಿ. ಡಿಫೆಂಡರ್ ಆದರೆ ಸ್ವಲ್ಪ ಹೊತ್ತಿಗೆ ತಾನೇ ಆನ್ ಆಗುತ್ತದೆ, ಬೇರೆಯವು ಆಗದಿರಬಹುದು. ಬ್ಯಾಂಕ್ ವೆಬ್‌ಸೈಟ್‌ನಂಥ, ಇಂಟರ್ನೆಟ್ ಬೇಕಾದ ತೊಂದರೆಗೆ ಈ ಪರೀಕ್ಷೆ ಮಾಡಬೇಡಿ. ಅದೇ ವೆಬ್‌ಸೈಟನ್ನು ಬೇರೆ ಬ್ರೌಸರ್‌ನಲ್ಲಿ, ಫೋನ್‌ನಲ್ಲಿ ತೆರೆದು ನೋಡಿ. ಫೋನ್‌ನಲ್ಲೂ ಬರದಿದ್ದರೆ ತೊಂದರೆ ಅವರ ಕಡೆಯದು.

ಹುಸಿ ಎಚ್ಚರಿಕೆ ಎಂದು ಖಚಿತವಾದ ಮೇಲೆ ಆ ಒಂದು ಫೈಲನ್ನು ಬಂಧನದಿಂದ ಬಿಡಿಸಿ, ಆ ಒಂದಕ್ಕೆ ಮಾತ್ರ ವಿನಾಯಿತಿ ಕೊಡಿ. ಇಡೀ ಸಿ ಡ್ರೈವ್‌ಗೋ ಡೌನ್‌ಲೋಡ್ಸ್ ಫೋಲ್ಡರ್‌ಗೋ ವಿನಾಯಿತಿ ಕೊಟ್ಟುಬಿಡುವವರಿದ್ದಾರೆ. ಒಬ್ಬ ಅತಿಥಿಗೆ ತೊಂದರೆಯಾಯಿತೆಂದು ಹೆಬ್ಬಾಗಿಲನ್ನೇ ಕಿತ್ತಿಟ್ಟ ಹಾಗೆ. ಆಂಟಿವೈರಸ್ ಕಂಪನಿಗೆ ತಿಳಿಸಿದರೆ ಅವರು ಪರೀಕ್ಷಿಸಿ ಮುಂದಿನ ಅಪ್‌ಡೇಟ್‌ನಲ್ಲಿ ಸರಿಪಡಿಸುತ್ತಾರೆ. ಮೈಕ್ರೋಸಾಫ್ಟ್ ಸೇರಿ ಬಹುತೇಕ ಎಲ್ಲರ ತಾಣದಲ್ಲೂ ಇದಕ್ಕೆ ಒಂದು ಪುಟ ಇದೆ. ಕನ್ನಡ ತಂತ್ರಾಂಶಗಳಿಗೆ ಇದು ಮುಖ್ಯ, ಏಕೆಂದರೆ ಕೋಟಿಗಟ್ಟಲೆ ಬಳಕೆದಾರರಿರುವ ಪ್ರೋಗ್ರಾಂ ಸಿಕ್ಕಿಬಿದ್ದರೆ ಗಂಟೆಯೊಳಗೆ ದೂರು ಹೋಗುತ್ತದೆ. ನಮ್ಮದಕ್ಕೆ ನಾವೇ ದೂರಬೇಕು.

ಈ ಲೇಖನವನ್ನು ತಪ್ಪಾಗಿ ಬಳಸಬೇಡಿ

ಆಂಟಿವೈರಸ್ ತಪ್ಪು ಮಾಡುತ್ತದೆ ಎಂಬ ಮಾತನ್ನು ಕಳ್ಳರೂ ಚೆನ್ನಾಗಿ ಬಲ್ಲರು. ಪುಕ್ಕಟೆ ಫೋಟೋಶಾಪ್, ವಿಂಡೋಸ್ ಆ್ಯಕ್ಟಿವೇಟ್ ಮಾಡುವ ಕ್ರ್ಯಾಕ್ ಕೊಡುವ ತಾಣಗಳು ಮೊದಲೇ ಬರೆದಿರುತ್ತವೆ: ಇನ್‌ಸ್ಟಾಲ್ ಮಾಡುವ ಮುಂಚೆ ಆಂಟಿವೈರಸ್ ಆಫ್ ಮಾಡಿ, ಅದು ಸುಮ್ಮನೆ ಹುಸಿ ಎಚ್ಚರಿಕೆ ಕೊಡುತ್ತದೆ. ಕೆಲವೊಮ್ಮೆ ಅದು ಹುಸಿಯೇ ಇರಬಹುದು. ಆದರೆ ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್ ಕದಿಯುವ ಪ್ರೋಗ್ರಾಂಗಳು ಹರಡುವ ಮುಖ್ಯ ದಾರಿಗಳಲ್ಲಿ ಇದೂ ಒಂದು. ಆಂಟಿವೈರಸ್ ಆಫ್ ಮಾಡಿ ಎಂದು ಮೊದಲೇ ಕೇಳುವ ಫೈಲ್‌ಗೆ ಮೇಲೆ ಹೇಳಿದ ಯಾವ ವಿನಾಯಿತಿಯೂ ಸಲ್ಲದು. ಕಳ್ಳತನದ ತಂತ್ರಾಂಶ ತುಂಬಿಕೊಟ್ಟು, ಅದು ನಡೆಯಲೆಂದು ಡಿಫೆಂಡರ್ ಆಫ್ ಮಾಡಿ ಕಳಿಸುವ ಅಂಗಡಿಗಳಿವೆ. ಲ್ಯಾಪ್‌ಟಾಪ್ ರಿಪೇರಿಯಿಂದ ಮನೆಗೆ ಬಂದ ದಿನವೇ ವಿಂಡೋಸ್ ಸೆಕ್ಯುರಿಟಿ ತೆರೆದು ಎಲ್ಲ ಹಸಿರಾಗಿದೆಯೇ ನೋಡಿ, ವಿನಾಯಿತಿ ಪಟ್ಟಿಯಲ್ಲಿ ಏನಾದರೂ ಕೂತಿದೆಯೇ ನೋಡಿ.

ಗೊಂದಲದ ಹೊತ್ತಿನಲ್ಲೇ ವಂಚಕರು ಬರುವುದು ಇನ್ನೊಂದು ವಿಷಯ. ಜುಲೈ 19ರ ನಂತರದ ದಿನಗಳಲ್ಲೇ ಕ್ರೌಡ್‌ಸ್ಟ್ರೈಕ್ ಹೆಸರಿನ ನಕಲಿ ತಾಣಗಳೂ, ಸರಿಪಡಿಸುವ ಫೈಲ್ ಎಂಬ ಹೆಸರಿನ ವೈರಸ್‌ಗಳೂ ಹುಟ್ಟಿಕೊಂಡವು. ಮನೆಗೆ ಬರುವ ಆವೃತ್ತಿ ನಿಮಗೆ ಗೊತ್ತೇ ಇದೆ: ಬ್ರೌಸರ್ ತುಂಬ ಕೆಂಪು ಪರದೆ, ಜೋರಾದ ಸದ್ದು, ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಕರೆ ಮಾಡಿ ಎಂಬ ಬರಹ. ಡಿಫೆಂಡರ್ ಆಗಲಿ ವಿಂಡೋಸ್ ಆಗಲಿ ತಪ್ಪು ಸಂದೇಶದಲ್ಲಿ ಫೋನ್ ನಂಬರ್ ಕೊಡುವುದಿಲ್ಲ. ಅದು ಬರೀ ಒಂದು ವೆಬ್‌ಪುಟ. ಆಲ್ಟ್ ಮತ್ತು ಎಫ್4 ಕೀಲಿ ಒಟ್ಟಿಗೆ ಒತ್ತಿದರೆ ಸಾಮಾನ್ಯವಾಗಿ ಮುಚ್ಚಿಕೊಳ್ಳುತ್ತದೆ, ಆಗದಿದ್ದರೆ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿ. ಆಗಲೇ ಕರೆ ಮಾಡಿ ಅವರಿಗೆ ಕಂಪ್ಯೂಟರ್ ಒಪ್ಪಿಸಿದ್ದರೆ, ಹಣ ಹೋಗಿದ್ದರೆ, ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಮೊದಲ ಕೆಲವು ಗಂಟೆಗಳಲ್ಲಿ ತಿಳಿಸಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇನ್ನು ಆ 48 ಅಂಕಿಗಳ ಕೀಲಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗುವ ಅನೇಕ ಹೊಸ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಈ ಬೀಗ ನಿಮ್ಮನ್ನು ಕೇಳದೆಯೇ ಆನ್ ಆಗಿರುತ್ತದೆ. ದಿನನಿತ್ಯ ಅದು ಇದೆ ಎಂದೇ ಗೊತ್ತಾಗುವುದಿಲ್ಲ. ಎಂದಾದರೂ ಅಪ್‌ಡೇಟ್ ಕೆಟ್ಟು ಸೇಫ್ ಮೋಡ್‌ಗೆ ಹೋಗಬೇಕಾದಾಗ ಗೊತ್ತಾಗುತ್ತದೆ. ಕೀಲಿ ಇಲ್ಲದಿದ್ದರೆ ಮಗಳ ಮದುವೆಯ ಫೋಟೋ, ಹತ್ತು ವರ್ಷದ ಲೆಕ್ಕ, ಅರ್ಧ ಬರೆದ ಪ್ರಬಂಧ ಎಲ್ಲ ಒಳಗೇ ಉಳಿಯುತ್ತವೆ, ಯಾವ ಅಂಗಡಿಯವರೂ ತೆಗೆಯಲಾರರು. ಕೀಲಿ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲೇ ಇರುತ್ತದೆ. ಫೋನ್‌ನಿಂದ ಆ ಖಾತೆಗೆ ಲಾಗಿನ್ ಆಗಿ, ಡಿವೈಸಸ್ ಪುಟದಲ್ಲಿ ನಿಮ್ಮ ಲ್ಯಾಪ್‌ಟಾಪ್ ಆಯ್ದುಕೊಂಡರೆ ರಿಕವರಿ ಕೀ ಎಂದು ಕಾಣುತ್ತದೆ. ಅಂಗಡಿಯವರು ಅವರದೇ ಇಮೇಲ್ ಹಾಕಿ ಲ್ಯಾಪ್‌ಟಾಪ್ ಶುರು ಮಾಡಿಕೊಟ್ಟಿದ್ದರೆ ಕೀಲಿ ಅವರ ಖಾತೆಯಲ್ಲಿರುತ್ತದೆ, ಅದನ್ನು ಇವತ್ತೇ ಕೇಳಿ ತೆಗೆದುಕೊಳ್ಳಿ. 48 ಅಂಕಿಗಳನ್ನೂ ಒಂದು ಹಾಳೆಯಲ್ಲಿ ಬರೆದು ಆಸ್ತಿ ಪತ್ರಗಳ ಜೊತೆ ಇಡಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಫೈಲ್ ಮಾಡಿ ಇಟ್ಟರೆ ಉಪಯೋಗವಿಲ್ಲ.